ನ್ಯಾಯ ಹರಿಯದವರ ತೆಪ್ಪ

ಸುವಾರ್ತೆಯ ಆ ಒಂದು ವಾಕ್ಯ ಜೇವರ್ಗಿಯ ನಮ್ಮ ಕೋಣೆಯಲ್ಲಿ ಎಲ್ಲ ಪರೀಕ್ಷೆಗಳನ್ನೂ ದಾಟಿ ಆಗಿತ್ತು. ಪಟ್ಟಿಯಲ್ಲಿ ಅದರ ಮುಂದೆ ಹಸಿರು ಗುರುತು ಬಿದ್ದಿತ್ತು. ಗುರುತು ಹಾಕಿದವಳು ನಾನೇ. ಅದು ಸುಳ್ಳು ಗುರುತು ಎಂದು ತಿಳಿದ ಮೇಲೆ ನಾನು ಭೀಮಾ ದಂಡೆಯವರೆಗೆ ಹೋಗಬೇಕಾಯಿತು. ಅಲ್ಲಿಂದ ಬಂದು ತಿಂಗಳುಗಳೇ ಕಳೆದಿವೆ. ಇವತ್ತಿಗೂ ಬಕೆಟ್ಟಿನಲ್ಲಿ ತಂಬಿಗೆ ಮುಳುಗುವ ಸದ್ದಾದರೆ, ಅದು ಮೇಲೆ ಬರುವವರೆಗೆ ನಾನು ಕೈಯ ಕೆಲಸ ಬಿಟ್ಟು ನೋಡುತ್ತೇನೆ.

ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದನ್ನು ನಮ್ಮ ಕಡೆಯ ಆಡುಮಾತಿಗೆ ತಂದು, ಓದಲು ಬಾರದವರೂ ಕೇಳುವಂತೆ ಧ್ವನಿ ಮುದ್ರಿಸುವುದು ನಮ್ಮ ಕೆಲಸ. ಕೋಣೆಯಲ್ಲಿ ನಾವು ಇಬ್ಬರೇ. ಒಬ್ಬರು ಸುವಾರ್ತೆಯ ಮೂಲ ಭಾಷೆಯಾದ ಗ್ರೀಕ್ ಬಲ್ಲ ಹಿರಿಯರು, ಪಾದ್ರಿಯಾಗುವವರಿಗೆ ಬಹಳ ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರನ್ನು ನಾನು ಸರ್ ಎನ್ನುತ್ತೇನೆ. ನಾನು ನೆಲೋಗಿಯವಳು, ಕನ್ನಡ ಎಂ.ಎ. ಓದಿದವಳು. ನಮ್ಮದು ಬೌದ್ಧ ಮನೆತನ. ಚರ್ಚಿನ ಒಳಗೆ ಕಾಲಿಟ್ಟದ್ದೇ ಈ ಕೆಲಸಕ್ಕೆ ಸೇರಿದ ಮೇಲೆ. ಸುವಾರ್ತೆ ನನಗೆ ಹೊಸದು ಎಂದು ಮೊದಲ ದಿನವೇ ಹೇಳಿದ್ದೆ.

"ಅದಕ್ಕ ನೀ ಬೇಕು ತಂಗಿ," ಎಂದಿದ್ದರು ಸರ್. "ನಮಗೆಲ್ಲಾ ಬಾಯಿಪಾಠ ಆಗಿಬಿಟ್ಟದ. ಬಾಯಿಪಾಠ ಇದ್ದವರಿಗೆ ಕಿವಿ ಇರಂಗಿಲ್ಲ."

ಒಂದು ವಾಕ್ಯ ನಮ್ಮಲ್ಲಿ ಹೀಗೆ ಸಾಗುತ್ತದೆ. ಸರ್ ಗ್ರೀಕನ್ನು ಬಿಡಿಸಿ ಹೇಳುತ್ತಾರೆ, ನಾನು ನಮ್ಮ ಮಾತಿನಲ್ಲಿ ಕರಡು ಮಾಡುತ್ತೇನೆ. ಮೂಲವನ್ನು ನೋಡದ ಇನ್ನೊಬ್ಬರು ಆ ಕರಡನ್ನು ಬೇರೆ ಭಾಷೆಗೆ ತಿರುಗಿಸುತ್ತಾರೆ. ಇದು ಮರುಅನುವಾದ. ಹೋದ ಅರ್ಥ ಹಾಗೇ ತಿರುಗಿ ಬಂದರೆ ವಾಕ್ಯ ಗಟ್ಟಿ ಎಂದು ಲೆಕ್ಕ. ಆಮೇಲೆ ಊರುಗಳಿಗೆ ಒಯ್ದು ಜನರಿಗೆ ಕೇಳಿಸಿ, "ಏನ್ ಕೇಳಿದ್ರಿ, ನಿಮ್ಮ ಮಾತಿನಾಗ ಹೇಳ್ರಿ" ಎನ್ನುತ್ತೇವೆ. ಅಲ್ಲಿ ನಾವು ಸುಳಿವು ಕೊಡಬಾರದು, ತಲೆಯಾಡಿಸಬಾರದು. ಕೊನೆಗೆ ದೂರದ ಊರಿನ ಸಲಹೆಗಾರರೊಬ್ಬರು ಫೋನಿನಲ್ಲಿ ಪ್ರತಿ ಪದಕ್ಕೂ ಆಧಾರ ಕೇಳುತ್ತಾರೆ. ಅವರು ಒಪ್ಪಿದರೆ ಧ್ವನಿಮುದ್ರಣ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ದಿಕಾಯೊಸ್ಯುನೆ ಎಂಬ ಗ್ರೀಕ್ ಪದ. ಮೊದಲ ಸುವಾರ್ತೆಯಲ್ಲಿ ಅದು ಏಳು ಸಲ ಬರುತ್ತದೆ. ಮೊದಲನೆಯ ಸಲ ಬರುವುದು ನದಿಯ ದಂಡೆಯಲ್ಲಿ. ಯೋಹಾನ ಎಂಬ ಸನ್ಯಾಸಿಯಂಥವನು ಜನರ ತಪ್ಪೊಪ್ಪಿಗೆ ಕೇಳಿ ಅವರನ್ನು ನೀರಿನಲ್ಲಿ ಮುಳುಗಿಸುತ್ತಿದ್ದಾನೆ. ಯೇಸು ಬಂದು ತನ್ನನ್ನೂ ಮುಳುಗಿಸು ಎನ್ನುತ್ತಾನೆ. ನಿನಗೆ ಇದು ಯಾಕೆ, ನೀನೇ ನನ್ನನ್ನು ಮುಳುಗಿಸಬೇಕು ಎಂದು ಯೋಹಾನ ತಡೆಯುತ್ತಾನೆ. ಅದಕ್ಕೆ ಯೇಸು ಕೊಡುವ ಉತ್ತರದಲ್ಲಿ ಆ ಪದ ಇದೆ. ಆ ಪುಸ್ತಕದಲ್ಲಿ ಅವನು ಬಾಯಿ ತೆರೆದು ಆಡುವ ಮೊದಲ ಮಾತೇ ಅದು. ಹಳೆಯ ಕನ್ನಡ ಅನುವಾದಗಳು ಅಲ್ಲಿ 'ನೀತಿ' ಎಂದಿವೆ: ನೀತಿಯನ್ನೆಲ್ಲ ಪೂರ್ತಿ ಮಾಡುವುದು ನಮಗೆ ತಕ್ಕದ್ದು.

ಗ್ರೀಕರ ಊರುಗಳಲ್ಲಿ ಅದರ ಅರ್ಥ ನ್ಯಾಯ, ಅವರವರಿಗೆ ಸಲ್ಲಬೇಕಾದ್ದು ಸಲ್ಲುವುದು. ಆದರೆ ಸುವಾರ್ತೆ ಬರೆದವನ ಕಿವಿಯಲ್ಲಿ ಅದರ ಹಿಂದೆ ಇನ್ನೂ ಹಳೆಯ ಒಂದು ಹೀಬ್ರೂ ಪದ ಇತ್ತು. ದೇವರಿಗೂ ಮನುಷ್ಯರಿಗೂ, ಮನುಷ್ಯರಿಗೂ ಮನುಷ್ಯರಿಗೂ ನಡುವೆ ಇರುವ ಸಂಬಂಧ ನಮ್ಮಿಂದ ಏನು ಬೇಡುತ್ತದೋ ಅದನ್ನು ಪೂರ್ತಿ ಮಾಡುವುದು ಆ ಪದದ ತಿರುಳು. ಸರ್ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ನಾನು ತಲೆಯಾಡಿಸಿದ್ದೆ. ತಿಳಿಯಿತು ಅಂದುಕೊಂಡಿದ್ದೆ.

ಸರ್ ಅವರದು ಒಂದು ನಿಯಮ. ಗ್ರೀಕಿನಲ್ಲಿ ಒಂದೇ ಪದ ಇದ್ದಲ್ಲೆಲ್ಲ ನಮ್ಮಲ್ಲೂ ಒಂದೇ ಪದ ಇರಬೇಕು, ಕೇಳುವವನಿಗೆ ಅದು ಮತ್ತೆ ಮತ್ತೆ ಬಂದದ್ದು ಗೊತ್ತಾಗಬೇಕು. ಆದ್ದರಿಂದ ಏಳು ಕಡೆಗೂ ಹೊಂದುವ ಒಂದೇ ಪದ ಹುಡುಕತೊಡಗಿದೆವು. 'ನ್ಯಾಯ' ಹಾಕಿಕೊಂಡು ಇಜೇರಿಗೆ ಹೋದೆವು. ನ್ಯಾಯಕ್ಕಾಗಿ ಹಸಿದು ನೀರಡಿಸಿದವರು ಪುಣ್ಯವಂತರು ಎಂಬ ಭಾಗ ಕೇಳಿಸಿ, ಇದು ಯಾರ ಬಗ್ಗೆ ಆಡಿದ ಮಾತು ಎಂದು ಕೇಳಿದೆ. ಬೇವಿನ ನೆರಳಲ್ಲಿ ಕುಳಿತಿದ್ದ ಒಬ್ಬ ರೈತ ತಂಬಾಕು ತಿಕ್ಕುತ್ತ ಹೇಳಿದ.

"ನಮ್ಮ ದೊಡ್ಡಪ್ಪನ ಮಾತ್ರಿ. ಕಲಬುರಗಿ ಕೋರ್ಟಿಗೆ ತಿರುಗಿ ತಿರುಗಿ ಉಪವಾಸ ಬಿದ್ದಾನ. ಪುಣ್ಯವಂತ ಅಂತ ಮಾತ್ರ ಇನ್ನಾ ಯಾರೂ ಅಂದಿಲ್ಲ ನೋಡ್ರಿ."

ಎಲ್ಲರೂ ನಕ್ಕರು, ಸರ್ ಕೂಡ. ಜೀಪಿನಲ್ಲಿ ಕುಳಿತ ಮೇಲೆ ಆ ಪದವನ್ನು ಹೊಡೆದುಹಾಕಿದರು. 'ಧರ್ಮ' ಎಂದರೆ ಜನರಿಗೆ ಭಿಕ್ಷೆ ನೆನಪಾಯಿತು. ತಿರುಗಿ 'ನೀತಿ'ಗೇ ಬಂದೆವು. ಅದನ್ನು ಹಾಕಿದ ನದಿಯ ಭಾಗವನ್ನು ಆಳಂದದ ಒಂದು ಚರ್ಚಿನ ಸಭೆಗೆ ಒಯ್ದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಒಂದೂ ತಪ್ಪಿಲ್ಲದೆ ಇಡೀ ಭಾಗವನ್ನು ತಿರುಗಿ ಹೇಳಿದರು. ಮರುಅನುವಾದವೂ ಕನ್ನಡಿಯಂತೆ ಬಂದಿತ್ತು. ನಾನು ಹಸಿರು ಗುರುತು ಹಾಕಿದೆ.

ವಾರದ ಮೇಲೆ, ಸಲಹೆಗಾರರಿಗೆ ಕಳಿಸಲು ಆಳಂದದ ಧ್ವನಿಯನ್ನು ಅಕ್ಷರಕ್ಕೆ ಇಳಿಸುತ್ತಿದ್ದೆ. ಆ ಹಿರಿಯರ ಉತ್ತರದಲ್ಲಿ ನಮ್ಮ ಕರಡಿನಲ್ಲಿ ಇಲ್ಲದ ಒಂದು ಮಾತು ಇತ್ತು. ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದೆ. ಅದು ಹಳೆಯ ಅನುವಾದದ ಮಾತು. ಅವರು ನಾವು ಓದಿದ್ದನ್ನು ಕೇಳಿಯೇ ಇರಲಿಲ್ಲ, ಬಾಲ್ಯದಿಂದ ಬಾಯಲ್ಲಿದ್ದುದನ್ನು ಒಪ್ಪಿಸಿದ್ದರು. ಅನುಮಾನ ಬಂದು ಮರುಅನುವಾದ ಮಾಡಿದವರಿಗೆ ಫೋನ್ ಮಾಡಿದೆ. ಅವರೂ ಅಳುಕದೆ, "ಆ ಭಾಗ ನನಗ ಪಾಠ ಅದ ಬಿಡ್ರಿ, ನೋಡೂದೇನದ" ಎಂದರು. ಖಾಲಿ ಪೆಟ್ಟಿಗೆ ಎರಡು ಕೈ ದಾಟಿ ಬಂದಿತ್ತು. ಎರಡೂ ಕಡೆ ಅದರ ಮೇಲೆ ನಾನೇ ಸಹಿ ಹಾಕಿದ್ದೆ.

ಸರ್ ಬೈಯಲಿಲ್ಲ. "ಈ ಕಥಿ ಒಮ್ಮೆಯೂ ಕೇಳಲಾರದ ಊರಿಗೆ ಹೋಗೋಣ," ಎಂದರು. "ಹೊಳಿ ಗೊತ್ತಿದ್ದ ಊರಾದ್ರ ಇನ್ನಾ ಛಲೋ."

ಹಾಗೆ ಅಫಜಲಪುರ ತಾಲ್ಲೂಕಿಗೆ ಹೋದದ್ದು. ಕರಜಗಿಯಿಂದ ಮುಂದೆ, ಭೀಮಾ ದಂಡೆಯ ಒಂದು ಊರು. ಮೂರನೆಯ ದಿನ ಬೆಳಗ್ಗೆ, ಊರಿನಿಂದ ಹಳ್ಳ ದಾಟಿ, ಹೊಲದ ನಡುವೆ ದಿಬ್ಬದ ಮೇಲಿದ್ದ ಒಂದು ಒಂಟಿ ಮನೆಗೆ ನಡೆದುಕೊಂಡು ಹೋದೆವು. ಅಲ್ಲಿ ಒಬ್ಬ ಮುದುಕಿ, ಅವಳ ಸೊಸೆ, ಸೊಸೆಯ ಕಂಕುಳಲ್ಲಿ ಕೂಸು. ಮಗ ಗೊಬ್ಬರ ತರಲು ಅಫಜಲಪುರಕ್ಕೆ ಹೋಗಿದ್ದ. ಮುದುಕಿಯನ್ನು ನಾನು ಆಯಿ ಎಂದು ಕರೆದೆ. ಅವಳು ಮೊರದಲ್ಲಿ ತೊಗರಿ ಹಸನು ಮಾಡುತ್ತ ನಮ್ಮ ಧ್ವನಿಮುದ್ರಣದ ಯಂತ್ರದಲ್ಲಿ ಆ ನದಿಯ ಭಾಗ ಕೇಳಿದಳು. ಕೇಳಿ ಮುಗಿದ ಮೇಲೆ ಯಾರೂ ಕೇಳದೆ ತಾನೇ ಹೇಳತೊಡಗಿದಳು.

"ಹೊಳಿ ದಂಡ್ಯಾಗ ಒಬ್ಬ ಸಾಧು ಇದ್ನಂತ. ತಪ್ಪ ಒಪ್ಕೊಂಡವ್ರನ್ನ ನೀರಾಗ ಮುಳುಗಸ್ತಿದ್ನಂತ. ಆಮ್ಯಾಲ ತಪ್ಪ ಮಾಡಲಾರದವ ಒಬ್ಬ ಬಂದ, ಅವನೂ ಪಾಳಿಗೆ ನಿಂತ. ಸಾಧು ಬ್ಯಾಡಪಾ ಅಂದ. ಇಂವ ಏನೋ ಒಂದಂದ. ಅದು ತಿಳಿಲಿಲ್ಲ."

"ನೀತಿ ಪೂರಾ ಮಾಡಬೇಕು ಅಂದ ಆಯಿ," ಎಂದೆ. ಹಾಗೆ ಎತ್ತಿ ಕೊಡಬಾರದಿತ್ತು, ಆದರೂ ಕೊಟ್ಟೆ.

"ನೀತಿ ಸಾಲ್ಯಾಗ ಮಾಸ್ತರು ಹೇಳತಾರ. ನೀರಾಗ ನಿಂತು ಯಾರರೆ ನೀತಿ ಹೇಳತಾರೇನ್ಬೇ?" ಅವಳ ಕೈ ಮೊರದ ಮೇಲೆ ನಿಂತಿತು. "ತಪ್ಪ ಮಾಡ್ದವ ಇಳೀಬೇಕು ನೀರಿಗೆ. ಮಾಡಲಾರದವ ಯಾಕ ಇಳೀಬೇಕು? ಮೊದಲ ಅದನ್ನ ಹೇಳ್ರಿ."

ಸರ್ ಪುಸ್ತಕದಲ್ಲಿ ಬರೆದುಕೊಂಡು ನಕ್ಕರು. "ಎರಡು ಸಾವಿರ ವರ್ಷದಿಂದ ಮಂದಿ ಇದನ್ನ ಕೇಳಾಕತ್ತಾರ ಆಯಿ."

"ಹೌದೇನ್ರಿ? ಮತ್ತ ಇನ್ನಾ ಯಾರೂ ಹೇಳಿಲ್ಲೇನು?"

ಆಗ ಹೊರಗಿನಿಂದ ಸೊಸೆ ಕೂಗಿದಳು. "ಅತ್ತಿ, ಹಳ್ಳದಾಗ ನೀರು ಉಲ್ಟಾ ಬರಾಕತ್ತದ."

ಓಡಿಹೋಗಿ ನೋಡಿದೆವು. ಬೆಳಗ್ಗೆ ನಾವು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದ್ದ ಹಳ್ಳದಲ್ಲಿ ಕೆಂಪು ನೀರು ಹೊಳೆಯ ಕಡೆಯಿಂದ ಮೇಲಕ್ಕೆ ಹರಿಯುತ್ತಿತ್ತು. ಮಹಾರಾಷ್ಟ್ರದ ಕಡೆ ಅಣೆಕಟ್ಟಿನ ನೀರು ಬಿಟ್ಟಿದ್ದರು. ಬಿಡುತ್ತಾರೆ ಎಂದು ಊರಿನಲ್ಲಿ ಡಂಗುರ ಹೊಡೆದದ್ದು ದಿಬ್ಬಕ್ಕೆ ಕೇಳಿರಲಿಲ್ಲ. ಸದ್ದೇ ಇರಲಿಲ್ಲ, ಅದೇ ನನಗೆ ಇವತ್ತಿಗೂ ವಿಚಿತ್ರ. ಕಬ್ಬಿನ ಸಾಲುಗಳ ನಡುವೆ ನೀರು ಬೆಕ್ಕಿನ ಹಾಗೆ ಬಂತು. ಒಂದು ತಾಸಿನಲ್ಲಿ ದಾರಿ ಇಲ್ಲವಾಯಿತು. ಹಳ್ಳ ಹೊಳೆಯದೇ ಒಂದು ಕವಲಾಗಿ, ಈಗ ಹೊಳೆಯ ಜೊತೆ ಕೆಳಮುಖವಾಗಿ ಹರಿಯತೊಡಗಿತು. ದಿಬ್ಬ ನಡುಗಡ್ಡೆಯಾಯಿತು. ಸೊಸೆ ಎತ್ತುಗಳ ಹಗ್ಗ ಬಿಚ್ಚಿ ಹೊಡೆದಳು. ಅವು ಈಜಿಕೊಂಡು ಹೋದವು. ಮಗನಿಗೆ, ಊರಿಗೆ, ತಹಸೀಲಿಗೆ ಫೋನ್ ಮಾಡಿದೆವು. ಸರ್ಕಾರದ ಮೋಟಾರು ದೋಣಿ ಇನ್ನೊಂದು ಊರಿನಲ್ಲಿದೆ, ಬರಲು ಹೊತ್ತಾಗುತ್ತದೆ ಎಂದರು. ನಾನು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಒಳಗೆ ಹೋಗಿ ಚೀಲ ತಂದೆ. ತಿರುಗಿ ಬರುವಷ್ಟರಲ್ಲಿ ಕಡ್ಡಿ ಇರಲಿಲ್ಲ.

ಊರವರು ಅಂಬಿಗನನ್ನು ಕಳಿಸಿದರು. ಅರವತ್ತರ ಹತ್ತಿರದ, ಬತ್ತಿದ ಮೈಯ ಮನುಷ್ಯ. ಬಿದಿರಿನ ದುಂಡನೆಯ ತೆಪ್ಪ, ಹೊರಗೆ ಟಾರ್ಪಾಲು ಬಿಗಿದು ಡಾಂಬರು ಬಳಿದಿದ್ದರು. ಅದನ್ನು ಕಂಡದ್ದೇ ಆಯಿ ಮುಖ ತಿರುಗಿಸಿ ಮನೆಯ ಗೋಡೆಗೆ ಒರಗಿ ಕುಳಿತಳು.

"ಅತ್ತಿ ಅವನ ತೆಪ್ಪ ಹತ್ತಂಗಿಲ್ರಿ," ಎಂದು ಸೊಸೆ ನನಗೆ ಮೆಲ್ಲಗೆ ಹೇಳಿದಳು.

ಅವಳು ಹೇಳಿದ್ದು ಇಷ್ಟು. ಊರ ಕಡೆಯ ದಂಡೆಯಲ್ಲಿ ತೆಪ್ಪ ಹಚ್ಚಿ ನಿಲ್ಲಿಸಲು ಒಳ್ಳೆಯ ಜಾಗ ಒಂದೇ. ಅಲ್ಲಿ ನೀರು ಸುಳಿಯದೆ ನಿಲ್ಲುತ್ತದೆ, ಇಳಿಯಲು ಮಣ್ಣಿನ ಇಳಿಜಾರು ಇದೆ. ಅಂಬಿಗನ ಅಪ್ಪನ ಕಾಲದಿಂದ ಅದು ಅವರದು. ಪಕ್ಕದ ಹೊಲ ಆಯಿಯ ಮನೆಯದು. ಇವಳು ಸೊಸೆಯಾಗಿ ಬರುವ ಮೊದಲು, ಗಡಿಯ ಬಾಂದಗಲ್ಲು ಎಲ್ಲಿತ್ತು ಎಂಬ ಬಗ್ಗೆ ಜಗಳ ಬಿದ್ದು, ಹಿರಿಯರು ಹನುಮಂತ ದೇವರ ಕಟ್ಟೆಯ ಮೇಲೆ ನ್ಯಾಯ ಮಾಡಿದರು. ಕಲ್ಲು ಮೊದಲಿನಿಂದ ಅಲ್ಲೇ ಇತ್ತು ಎಂದು ಆಯಿ ಮಗನ ತಲೆ ಮುಟ್ಟಿ ಆಣೆ ಮಾಡಿದಳು. ಜಾಗ ಇವರದಾಯಿತು. ಅಂಬಿಗ ಆಗ ಎದ್ದು ನಿಂತು, ಈ ನ್ಯಾಯ ಹರಿದಿಲ್ಲ, ಇನ್ನೂ ತೀರಿಲ್ಲ ಎಂದಷ್ಟೇ ಹೇಳಿ ಹೋದ. ಅಂದಿನಿಂದ ತೆಪ್ಪವನ್ನು ಕೆಳಗಡೆ, ಬಂಡೆಗಳ ಸಾಲಿನ ಹತ್ತಿರ ಹಚ್ಚುತ್ತಾನೆ. ಆ ದಂಡೆಯವರಲ್ಲಿ ಒಂದು ಪದ್ಧತಿ ಇದೆ. ನ್ಯಾಯ ಹರಿಯದ ಇಬ್ಬರು ಒಂದೇ ತೆಪ್ಪದಲ್ಲಿ ಕೂರುವುದಿಲ್ಲ. ಕೂತರೆ ನಡುಹೊಳೆಯಲ್ಲಿ ಗಂಗವ್ವ ತಾನೇ ನ್ಯಾಯ ಮಾಡುತ್ತಾಳೆ.

ತೆಪ್ಪ ಸಣ್ಣದು, ಎರಡು ಸಲ ಬರಬೇಕು ಎಂದ ಅಂಬಿಗ. ಸರ್ ನನ್ನನ್ನು ಮೊದಲು ಕಳಿಸಲು ನೋಡಿದರು.

"ಭಾರ ಇದ್ದವರು ಮೊದಲ ಬರ್ರಿ ಸಾಹೇಬ್ರ," ಎಂದ ಅವನು. "ನಿಮ್ಮ ಭಾರ ಈಗ ಹೊಂದತದ. ನೀರು ಇನ್ನಾ ಏರಿದ್ರ ಹೊಂದಂಗಿಲ್ಲ."

ಸರ್, ಸೊಸೆ, ಕೂಸು ಹೋದರು. ಅವನು ತೆಪ್ಪವನ್ನು ದಿಬ್ಬದ ಅಂಚಿನಲ್ಲಿ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಟ್ಟು, ಹರಿವಿನ ಜೊತೆ ಓರೆಯಾಗಿ ದಾಟಿದ. ಮಣ್ಣಿನ ಇಳಿಜಾರಿನ ಮುಂದೆಯೇ ಹಾದು, ಅಲ್ಲಿ ಹಚ್ಚದೆ, ಕೆಳಗಿನ ಬಂಡೆಗಳ ಹತ್ತಿರ ಹೆಣಗಿ ಹಚ್ಚಿದ. ಜನ ಹಗ್ಗ ಎಸೆದು ಎಳೆದುಕೊಂಡರು. ತಿರುಗಿ ಬಂದಾಗ ಅವನು ಏದುಸಿರು ಬಿಡುತ್ತಿದ್ದ. ನೀರು ದನದ ಕೊಟ್ಟಿಗೆಯೊಳಗೆ ಬಂದಿತ್ತು.

ಆಯಿ ಏಳಲಿಲ್ಲ. "ಅವಗ ಹೇಳಬೇ," ಎಂದು ನನಗೆ ಹೇಳಿದಳು, "ಈ ಹುಡುಗಿನ್ನ ಕರಕೊಂಡು ಹೋಗಂತ. ನಾ ಮಾಳಗಿ ಮ್ಯಾಲ ಕುಂದರ್ತೇನಿ."

ಅವನು ಹೊಳೆಯ ಕಡೆ ಮುಖ ಮಾಡಿ ಹೇಳಿದ, "ಅವರಿಗೆ ಹೇಳ್ರಿ ತಂಗಿ, ಮಣ್ಣಿನ ಗ್ವಾಡಿ ಅದ, ಸಂಜಿತನ ನಿಲ್ಲಂಗಿಲ್ಲ. ಇನ್ನೊಂದು ಪಾಳಿ ನನ್ನ ಕಡಿಂದ ಆಗಂಗಿಲ್ಲ."

"ಅವಗ ಹೇಳು, ಇಬ್ಬರೂ ಕುಂತರ ಗಂಗವ್ವ ಯಾರನ್ನ ಒಯ್ಯಬೇಕಂತ ನೋಡಂಗಿಲ್ಲ. ಅವನ ಮನ್ಯಾಗ ಮೊಮ್ಮಕ್ಕಳು ಅದಾವ. ನನಗೇನು, ವಯಸ್ಸಾಗ್ಯದ."

ಅವರಿಬ್ಬರ ನಡುವೆ ನಾಲ್ಕು ಮಾರು ಅಂತರ. ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿ ಕೇಳುತ್ತಿತ್ತು. ಆದರೂ ನಡುವೆ ನಿಂತ ನಾನು ಪ್ರತಿ ಮಾತನ್ನೂ ತಿರುಗಿ ಹೇಳುತ್ತಿದ್ದೆ. ಹೇಳದಿದ್ದರೆ ಮುಂದಿನ ಮಾತು ಬರುತ್ತಿರಲಿಲ್ಲ.

ಅಂಬಿಗ ಸ್ವಲ್ಪ ಹೊತ್ತು ನೀರು ನೋಡಿದ. ಆಮೇಲೆ ನನ್ನನ್ನು ಕೇಳಿದ.

"ಹುಟ್ಟು ಹಾಕಾಕ ಬರ್ತದೇನ್ರಿ ನಿಮಗ?"

"ಇಲ್ಲ ಕಾಕಾ."

"ಈಗ ಬರ್ತದ, ಬರ್ರಿ."

ಅವನು ತಲೆಯ ರುಮಾಲು ಬಿಚ್ಚಿ, ತೆಪ್ಪದಲ್ಲಿದ್ದ ಎರಡು ಖಾಲಿ ಎಣ್ಣೆ ಕ್ಯಾನುಗಳನ್ನು ಅದರಿಂದ ಬಿಗಿದು ಕಂಕುಳಿಗೆ ಒಂದೊಂದು ಕಟ್ಟಿಕೊಂಡ. ಎದೆಯವರೆಗೆ ನೀರಿಗೆ ಇಳಿದ. ತೆಪ್ಪದ ಅಂಚು ಹಿಡಿದು ಹೇಳಿದ, "ಅವರಿಗೆ ಹೇಳ್ರಿ, ತೆಪ್ಪದಾಗ ನಾ ಕುಂದ್ರಂಗಿಲ್ಲಂತ. ಇನ್ನ ಅವರಿಗೆ ಅಡ್ಡಿ ಇಲ್ಲ."

ನಾನು ಆ ಮಾತನ್ನು ತಿರುಗಿ ಹೇಳಲಿಲ್ಲ. ಆಯಿ ಅವನನ್ನೇ ನೋಡುತ್ತಿದ್ದಳು. ಎದ್ದಳು. ಬಂದು ತೆಪ್ಪದಲ್ಲಿ ಕಾಲು ಮಡಚಿ ಕುಳಿತಳು. ಆ ಕ್ಷಣದಲ್ಲಿ ನನಗೆ ಸುವಾರ್ತೆ ನೆನಪಾಯಿತು ಎಂದರೆ ಸುಳ್ಳಾದೀತು. ನನಗೆ ಈಜು ಬರುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ದುಂಡನೆಯ ತೆಪ್ಪಕ್ಕೆ ಮುಂದು ಹಿಂದು ಇಲ್ಲ. ಒಂದೇ ಕಡೆ ಹುಟ್ಟು ಹಾಕಿದರೆ ಬುಗುರಿಯಂತೆ ಸುತ್ತುತ್ತದೆ. ಅವನು ಹಿಂದಿನಿಂದ ಕಾಲು ಬಡಿದು ದೂಡುತ್ತ ಹೇಳುತ್ತಿದ್ದ, "ಮುಂದ ಹಾಕ್ರಿ, ನಿಮ್ಮ ಕಡಿ ಜಗ್ಗ್ರಿ. ಬಲಕ್ಕೊಂದು, ಎಡಕ್ಕೊಂದು. ನೀರು ನೋಡಬ್ಯಾಡ್ರಿ, ದಂಡಿ ನೋಡ್ರಿ." ಮೊದಲ ಅರ್ಧ ಸಾಗಿತು. ಕಬ್ಬಿನ ಸೋಗೆ, ಒಂದು ಬಾಗಿಲು, ಯಾರದೋ ಮನೆಯ ತೊಟ್ಟಿಲು ನಮ್ಮ ಜೊತೆ ತೇಲುತ್ತಿದ್ದವು.

ನಡುಹರಿವಿನಲ್ಲಿ ಮೇಲಿನಿಂದ ಒಂದು ಜಾಲಿಮರ ಬಂತು. ಬೇರುಸಮೇತ, ಉರುಳುತ್ತ ಬರುತ್ತಿತ್ತು. ನಾನು ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಅವನು ತೆಪ್ಪವನ್ನು ಜೋರಾಗಿ ಮುಂದಕ್ಕೆ ನೂಕಿದ. ನಾವು ತಪ್ಪಿಸಿಕೊಂಡೆವು. ಮರ ಅವನ ಮೇಲೆ ಹೋಯಿತು. ಅವನ ತಲೆ ಇದ್ದ ಜಾಗದಲ್ಲಿ ಮುಳ್ಳಿನ ಕೊಂಬೆ ಇತ್ತು, ಅದೂ ದಾಟಿಹೋಯಿತು. ಆಮೇಲೆ ಬರೀ ನೀರು. ಆಯಿ ಎರಡೂ ಕೈಯಿಂದ ತೆಪ್ಪದ ಅಂಚು ಹಿಡಿದು ಆ ನೀರನ್ನೇ ನೋಡುತ್ತಿದ್ದಳು. ನಾನು ಎತ್ತಿದ ಹುಟ್ಟು ಎತ್ತಿದ ಹಾಗೇ ಇತ್ತು. ಎಷ್ಟು ಹೊತ್ತು ಎಂದು ಆಮೇಲೆ ಹಲವರು ಕೇಳಿದ್ದಾರೆ. ದಂಡೆಯಲ್ಲಿದ್ದವರು ಎರಡು ಉಸಿರಿನಷ್ಟು ಎನ್ನುತ್ತಾರೆ. ನನಗೆ ಅದು ಇನ್ನೂ ಮುಗಿದಿಲ್ಲ.

ಅವನ ತಲೆ ನೀರಿನಿಂದ ಮೇಲೆ ಎದ್ದಿತು, ತೆಪ್ಪದ ಕೆಳಗಡೆಯಿಂದ. ಒಂದು ಕ್ಯಾನ್ ಇರಲಿಲ್ಲ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಎಡಗೈ ನೀರಿನಲ್ಲಿ ಜೋತುಬಿದ್ದಿತ್ತು. ಬಲಗೈಯಿಂದ ಅಂಚು ಹಿಡಿದು ಮತ್ತೆ ಕಾಲು ಬಡಿಯತೊಡಗಿದ. ಎದುರಿಗೆ, ಹತ್ತು ಹದಿನೈದು ಮಾರಿನಲ್ಲಿ, ಮಣ್ಣಿನ ಇಳಿಜಾರು. ಅಲ್ಲಿ ನೀರು ಕೆರೆಯಂತೆ ನಿಂತಿತ್ತು. ಅವನು ಅದನ್ನು ದಾಟಿಸಿ ಕೆಳಕ್ಕೆ, ಬಂಡೆಗಳ ಕಡೆಗೆ ದೂಡುತ್ತಿದ್ದ. ಒಂದು ಕೈಯಲ್ಲಿ ಅಲ್ಲಿಗೆ ಹಚ್ಚುವುದು ಆಗದ ಮಾತು. ಬಂಡೆಗೆ ಬಡಿದರೆ ತೆಪ್ಪ ಉಳಿಯುವುದಿಲ್ಲ. ಅದು ಈಜು ಬಾರದ ನನಗೂ ಕಾಣುತ್ತಿತ್ತು.

"ಕಾಕಾ, ಇಲ್ಲೇ ದಂಡಿ ಅದ," ಎಂದೆ. "ಇಲ್ಲೇ ಹಚ್ಚ್ರಿ."

"ಅದು ಅವರ ದಂಡಿ ರಿ," ಎಂದ.

ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನಲ್ಲಿ ಇದು ಬೇರೆಯವರ ಸೀಟು ಎನ್ನುವಷ್ಟು ಸಹಜವಾಗಿ ಹೇಳಿ, ಮತ್ತೆ ಕಾಲು ಬಡಿದ. ಕಟ್ಟೆಯ ಮೇಲೆ ಆದ ತೀರ್ಪು ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಆದರೂ ಅದನ್ನು ಮುರಿಯುವುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ, ಸಾಯುವ ಹೊತ್ತಿನಲ್ಲೂ. ನಾನು ಅವನ ಮುಖ ನೋಡಿದೆ. ಅಂಥ ಮುಖವನ್ನು ನಾನು ಮೊದಲು ನೋಡಿರಲಿಲ್ಲ. ನನ್ನ ಭಯದ ಒಳಗೇ ಇನ್ನೊಂದೇನೋ ಎದ್ದು ನಿಂತಿತು. ಅದನ್ನು ಭಕ್ತಿ ಎನ್ನಲು ನನಗೆ ಸಂಕೋಚ, ಬೇರೆ ಹೆಸರು ಗೊತ್ತಿಲ್ಲ.

ಆಯಿ ಅವನ ಕಡೆ ತಿರುಗಿದಳು. ನನಗೆ ಹೇಳಲಿಲ್ಲ, ನೇರ ಅವನಿಗೇ ಹೇಳಿದಳು.

"ಹಚ್ಚೋ ಅಲ್ಲೇ. ಅದು ನಿಂದ. ಕಲ್ಲ ನಾವ ಸರಿಸಿದ್ವಿ."

ಅವನು ಕಾಲು ಬಡಿಯುವುದನ್ನು ನಿಲ್ಲಿಸಿದ. ತೆಪ್ಪ ಒಂದು ಸುತ್ತು ಸುತ್ತಿತು.

"ಕೇಳ್ತಿಲ್ಲೋ? ನನ್ನ ಗಂಡ ಸರಿಸಿದ. ನಾ ಲಾಟೀನು ಹಿಡದಿದ್ನಿ. ಹಚ್ಚೋ ಮಾರಾಯಾ, ಈ ಹುಡುಗಿ ಯಾರ ಮನಿದೋ ಏನೋ."

"ಹೂಂ ವೈನಿ," ಎಂದ ಅವನು. ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ಕರೆದ. ಆಮೇಲೆ ನನಗೆ, "ಎಡಕ್ಕ ಜಗ್ಗ್ರಿ ತಂಗಿ, ಎಡಕ್ಕ. ಇನ್ನಾ ಎಡಕ್ಕ." ನಾನು ಎಳೆದೆ. ಭುಜ ಕಿತ್ತುಬರುವ ಹಾಗೆ ಎಳೆದೆ. ತೆಪ್ಪ ನಿಂತ ನೀರಿಗೆ ಜಾರಿತು, ತಳಕ್ಕೆ ಮಣ್ಣು ತಾಗಿತು.

ಬಂಡೆಯ ಹತ್ತಿರ ಕಾಯುತ್ತಿದ್ದ ಜನ ಓಡಿ ಬಂದರು. ಆಯಿಯನ್ನು ನಾಲ್ಕು ಕೈಗಳು ಎತ್ತಿಕೊಂಡವು. ನನ್ನನ್ನು ಸರ್ ಹಿಡಿದುಕೊಂಡರು. ಯಾರೋ ಚಹಾ ತಂದರು. ಅಂಬಿಗ ತೆಪ್ಪವನ್ನು ಒಂದೇ ಕೈಯಲ್ಲಿ ಎಳೆದು ಮೇಲೆ ಹಾಕಿ, ಜನರ ನಡುವಿನಿಂದ ಮನೆಯ ಕಡೆ ನಡೆದುಹೋದ. ಅವನ ಭುಜ ಕಳಚಿತ್ತು ಎಂದು ಮರುದಿನ ಕೇಳಿದೆ. ಆಯಿ ಹಿರಿಯರು ಕರೆಯುವ ಮೊದಲೇ ಕಟ್ಟೆಗೆ ಹೋಗಿ ಎಲ್ಲವನ್ನೂ ಹೇಳಿದಳು ಎಂದು ವಾರದ ಮೇಲೆ ಕೇಳಿದೆ. ಆಕೆಯ ಮಗ ಎರಡು ದಿನ ಅವಳ ಜೊತೆ ಮಾತಾಡಲಿಲ್ಲವಂತೆ.

ಜೇವರ್ಗಿಗೆ ಬಂದು ನಾನು ಹಸಿರು ಗುರುತನ್ನು ಅಳಿಸಿದೆ. ಏಳು ಕಡೆಗೂ ಒಂದೇ ಪದ ಎಂಬ ನಿಯಮವನ್ನು ಈ ವಾಕ್ಯದಲ್ಲಿ ಬಿಡೋಣ, ಪದದ ಬದಲು ಅರ್ಥವನ್ನೇ ಬಿಡಿಸಿ ಹೇಳೋಣ ಎಂದೆ. ಸರ್ ಒಪ್ಪಲಿಲ್ಲ.

"ಒಬ್ಬ ಅಂಬಿಗನ್ನ ನೋಡಿ ಗ್ರೀಕಿನ ಅರ್ಥ ಬದಲ್ ಮಾಡಾಕ ಬರಂಗಿಲ್ಲ ತಂಗಿ. ಅಂವ ದೊಡ್ಡ ಮನಷ್ಯಾ, ಖರೆ. ಆದ್ರ ಅಂವ ಶಬ್ದಕೋಶ ಅಲ್ಲ."

ಅವರ ಮಾತು ಸರಿಯಾಗಿಯೇ ಇತ್ತು. ಎರಡು ದಿನ ಅವರು ಪುಸ್ತಕಗಳ ನಡುವೆ ಕುಳಿತರು. ಮೂರನೆಯ ದಿನ ಬೆಳಗ್ಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಸಾದೇನೂ ಸೇರಸಬೇಕಾಗಿಲ್ಲ. ಕೋಶದಾಗೆಲ್ಲಾ ಮೊದಲಿಂದ ಅದ. ಮೂವತ್ತು ವರ್ಷ ನಾನೇ ಹುಡುಗರಿಗೆ ಬರಸೇನಿ. ಸಂಬಂಧ ಬೇಡೂದನ್ನ ಪೂರಾ ಮಾಡೂದು, ಅಂತ. ನಾ ಅದನ್ನ ಪರೀಕ್ಷಾದ ಉತ್ತರ ಅಂತ ತಿಳದಿದ್ದೆ." ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಹೇಳಿದರು. "ಇನ್ನೊಂದು ನೋಡು. 'ನನಗ ತಕ್ಕದ್ದು' ಅಂದಿಲ್ಲ ಯೇಸು. 'ನಮಗ' ಅಂದಾನ. ದಂಡಿ ಮ್ಯಾಲ ನಿಂತವರನ್ನೂ ಕೂಡಿಸಿಕೊಂಡು."

ನನ್ನ ಕರಡಿನಲ್ಲಿ 'ಮಂದಿ ಜೋಡಿ ನೀರಾಗ ನಿಂತು' ಎಂದಿತ್ತು. ಅದು ಮೂಲದಲ್ಲಿಲ್ಲ ಎಂದು ಸರ್ ಹೊಡೆದುಹಾಕಿದರು, ನಾನು ತಕರಾರು ಮಾಡಲಿಲ್ಲ. ಕೊನೆಗೆ ಉಳಿದದ್ದು ಇದು: "ಈಗ ತಡೀಬ್ಯಾಡ. ದೇವರು ನಮ್ಮ ಕಡಿಂದ ಏನು ಬೇಡ್ತಾನೋ, ಅದನ್ನ ಏನೂ ಉಳಿಸಲಾರದ ಪೂರಾ ಮಾಡೂದೇ ನಮಗ ತಕ್ಕದ್ದು." ಸಲಹೆಗಾರರು ಆಧಾರ ಕೇಳಿದರು. ನಾನು ಕೋಶಗಳ ಪುಟಗಳನ್ನು ಬರೆದು ಕಳಿಸಿದೆ. ಹೊಳೆಯ ವಿಷಯ ಬರೆಯಲಿಲ್ಲ. ಊರಿನಲ್ಲಿ ಮತ್ತೊಮ್ಮೆ ಕೇಳಿಸಿ ಬನ್ನಿ, ಆಮೇಲೆ ಒಪ್ಪುತ್ತೇನೆ ಎಂದರು.

ನೀರು ಇಳಿದ ಮೇಲೆ ಹೋದೆವು. ಮಣ್ಣಿನ ಇಳಿಜಾರಿನಲ್ಲಿ ಹೊಸ ಗೂಟ ಬಡಿದು ತೆಪ್ಪ ಕಟ್ಟಿತ್ತು. ಅಂಬಿಗ ಕಾಕಾ ಎಡಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇಳಿಬಿಟ್ಟು ಅದರ ಪಕ್ಕದಲ್ಲಿ ಕುಳಿತಿದ್ದ. ನಾನು ಅವನ ಎದುರು ಕುಳಿತು ಆ ಭಾಗ ಕೇಳಿಸಿದೆ. ಹಾಗೇ ಇನ್ನೊಂದು ಸಣ್ಣ ಯಂತ್ರದಲ್ಲಿ ಅವನ ಉತ್ತರ ಹಿಡಿಯಲು ಗುಂಡಿ ಒತ್ತಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ. ತಿಳಿಯಲಿಲ್ಲವೇನೋ ಎಂದುಕೊಂಡೆ. ಸುಳಿವು ಕೊಡಬಾರದು, ಆದ್ದರಿಂದ ಕಾದೆ.

"ಒಂದು ಕೇಳ್ಲೇನ್ರಿ?" ಎಂದ ಕೊನೆಗೆ. "ನೀರಿಂದ ಮ್ಯಾಲ ಬಂದ ಮ್ಯಾಲ ಅವಗ ಯಾರರೆ ಒಣಾ ಅರಿವಿ ಕೊಟ್ರೇನ್ರಿ?"

ಸರ್ ತಲೆ ತಗ್ಗಿಸಿ ಗ್ರೀಕ್ ಪುಸ್ತಕದ ಪುಟ ನೋಡಿದರು. ಅದರಲ್ಲಿ ಇಲ್ಲವೆಂದು ಗೊತ್ತಿದ್ದೂ ನೋಡಿದರು. ಹೊಳೆ ಬಂದ ದಿನ, ಕಾಕಾ ತೊಯ್ದ ಮೈಯಲ್ಲೇ ಮನೆಯ ಕಡೆ ನಡೆದುಹೋಗುವಾಗ, ಈ ದಂಡೆಯ ಮೇಲೆ ನನ್ನ ಚೀಲದಲ್ಲಿ ಒಂದು ದೊಡ್ಡ ಟವೆಲ್ ಇತ್ತು, ಒಣಗಿದ್ದು. ನಾನು ಅದನ್ನು ತೆಗೆದು ಧ್ವನಿಮುದ್ರಣದ ಯಂತ್ರಕ್ಕೆ ಸುತ್ತಿದ್ದೆ.

ಕಾಕಾ ಉತ್ತರಕ್ಕಾಗಿ ನಮ್ಮಿಬ್ಬರನ್ನೂ ನೋಡುತ್ತ ಕುಳಿತಿದ್ದ.